ಸಾಹೇಬನ ಬೆನ್ನು

ಮಾರ್ಚ್ 3

ಮಗಳೇ,

ನಿನ್ನ ಪತ್ರ ಸಿಕ್ಕಿತು. ಗಣಿಯ ಆಸ್ಪತ್ರೆಯವರು ನರ್ಸುಗಳ ವಸತಿಯಲ್ಲಿ ನಿನಗೆ ಕಿಟಕಿ ಇರುವ ಕೋಣೆ ಕೊಟ್ಟಿದ್ದಾರೆ ಎಂದು ಓದಿ ಸಮಾಧಾನವಾಯಿತು. ಕಿಟಕಿಯಾಚೆ ಕೆಂಪು ಧೂಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದಿದ್ದೀಯ. ಇರಲಿ ಬಿಡು, ಗಾಳಿ ಇದ್ದರೆ ತಾನೇ ಧೂಳು ಏಳುವುದು. ಟಪಾಲು ವಾರಕ್ಕೊಮ್ಮೆ ಸಾಮಾನಿನ ಲಾರಿಯಲ್ಲೇ ಬರಬೇಕು, ಫೋನು ಸಾವುನೋವಿಗೆ ಮಾತ್ರ ಎಂದೂ ಬರೆದಿದ್ದೀಯ. ಹಾಗಾದರೆ ಆ ಫೋನು ಯಾವತ್ತೂ ರಿಂಗಾಗದಿರಲಿ.

ಇಲ್ಲಿ ಲಾಂಡ್ರಿ ಎಂದಿನಂತೆ ನಡೆಯುತ್ತಿದೆ. ಮೊನ್ನೆ ಬ್ಯಾಂಕಿನವನೊಬ್ಬ ಬಿಳಿ ಅಂಗಿಯ ಜೇಬಿಗೆಲ್ಲ ಶಾಯಿ ಮಾಡಿಕೊಂಡು ಬಂದ. ಅಳುವುದೊಂದು ಬಾಕಿ. "ಅಮ್ಮಾ, ಇದು ಹೋಗುತ್ತಾ?" ಎಂದ. "ನನ್ನ ಕೈಗೆ ಸಿಕ್ಕಿಯೂ ಹೋಗದೆ ಇರೋ ಕಲೆ ಇನ್ನೂ ಹುಟ್ಟಿಲ್ಲಪ್ಪ" ಎಂದೆ. ಸಂಜೆಗೆ ಅಂಗಿ ಹಾಲಿನ ಹಾಗಾಗಿತ್ತು. ಈ ಒಂದು ವಿಷಯದಲ್ಲಿ ನನಗೆ ಜಂಭ ಇದೆ, ನಿನಗೆ ಗೊತ್ತಲ್ಲ.

ಈಗ ಸಾಹೇಬನ ಸಮಾಚಾರ. ನನ್ನ ಮಗ ಸ್ಕೂಲಿಗೆ ಹೋಗುವ ಕಾಲದಲ್ಲಿ ಅಂಗೈಯಗಲದ ಆಮೆಯೊಂದನ್ನು ತಂದು, "ನೋಡಮ್ಮ ಹೇಗೆ ನಡೆಯುತ್ತೆ, ಆಫೀಸಿಗೆ ತಡವಾಗಿ ಬರೋ ಸಾಹೇಬರ ಥರ" ಎಂದು ಹೆಸರಿಟ್ಟಾಗ, ಈ ಪ್ರಾಣಿ ಅವನಿಗಿಂತ ಹೆಚ್ಚು ಬಾಳುತ್ತದೆ ಎಂದು ಯಾರು ಅಂದುಕೊಂಡಿದ್ದರು? ಅವನು ಹೋದಮೇಲೆ ನೀನು ಅದನ್ನು ನೋಡಿಕೊಂಡ ರೀತಿ ಕಂಡಿದ್ದೇನೆ. ನೀನು ನನ್ನ ಕೈಗೊಪ್ಪಿಸಿ ಹೋದ ಜೀವ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ದಿನಗಳಿಂದ ಅವನ ಬೆನ್ನಿನ ಚಿಪ್ಪಿನ ಬಿಲ್ಲೆಗಳ ಅಂಚು ಬಿಳಿಚಿಕೊಂಡಿದೆ. ಒಂದೆರಡು ಕಡೆ ಸಿಪ್ಪೆ ಎದ್ದ ಹಾಗಿದೆ, ಅದರಡಿಗೆ ನೀರು ಸೇರಿ ಮಬ್ಬಾಗಿ ಕಾಣುತ್ತದೆ. ಇದು ಕೊಳೆಯೋ, ರೋಗವೋ? ಅವನ ಗಾಜಿನ ತೊಟ್ಟಿಯ ನೀರು ನೀನು ಹೇಳಿದ ಹಾಗೆಯೇ ಬದಲಿಸುತ್ತಿದ್ದೇನೆ. ತಿನ್ನುವುದಕ್ಕೇನೂ ಕಡಿಮೆಯಿಲ್ಲ, ಕೈ ಕಂಡರೆ ಬಾಯಿ ತೆರೆದುಕೊಂಡೇ ಬರುತ್ತಾನೆ. ಬೇಗ ಉತ್ತರ ಬರೆ. ಅವನಿಗೇನಾದರೂ ಆದರೆ ನಾನು ನಿನಗೆ ಮುಖ ತೋರಿಸುವುದು ಹೇಗೆ?

ಅತ್ತೆ


ಮಾರ್ಚ್ 10

ಮಗಳೇ,

ನಿನ್ನ ಉತ್ತರಕ್ಕೆ ಕಾಯುತ್ತಾ ಕೂರುವಷ್ಟು ತಾಳ್ಮೆ ನನ್ನದಲ್ಲ. ಸಾಹೇಬನ ಬೆನ್ನಿನ ವಿಷಯ ನಾನೇ ನೋಡಿಕೊಂಡೆ. ಈಗ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದಾನೆ, ಚಿಂತೆ ಬಿಡು. ಸ್ವಲ್ಪ ಮುನಿಸಿಕೊಂಡಿದ್ದಾನೆ. ತಲೆ ಒಳಗೆಳೆದುಕೊಂಡು ಮೂಲೆ ಹಿಡಿದಿದ್ದಾನೆ. ನಾಳೆ ಸರಿಹೋಗುತ್ತಾನೆ.

ಲಾರಿ ಹೊರಡುವ ಹೊತ್ತಾಯಿತಂತೆ. ಇಷ್ಟೇ ಬರೆದು ಕಳಿಸುತ್ತಿದ್ದೇನೆ.

ಅತ್ತೆ


ಮಾರ್ಚ್ 12

ಅತ್ತೆಗೆ,

ನಿಮ್ಮ 3ನೇ ತಾರೀಖಿನ ಪತ್ರ ಇವತ್ತಿನ ಲಾರಿಯಲ್ಲಿ ಬಂತು. ಹೆದರಬೇಡಿ, ಅದು ಕೊಳೆಯೂ ಅಲ್ಲ, ರೋಗವೂ ಅಲ್ಲ. ಸಾಹೇಬ ಬೆಳೆಯುತ್ತಿದ್ದಾನೆ ಅಷ್ಟೆ. ಒಳಗೆ ಹೊಸ ಬಿಲ್ಲೆ ತಯಾರಾದಾಗ ಮೇಲಿನ ಹಳೆಯ ಪದರ ಸಡಿಲವಾಗಿ ತಾನಾಗಿ ಕಳಚಿ ಬೀಳುತ್ತದೆ. ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಂತೆ ಇರುತ್ತದೆ. ನಿಮ್ಮ ಮಗ ಅಂಥವನ್ನು ಆರಿಸಿ ಒಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಒಂದೇ ಮಾತು, ಅತ್ತೆ: ದಯವಿಟ್ಟು ಅದನ್ನು ಕೀಳಬೇಡಿ, ಉಜ್ಜಬೇಡಿ. ಬಿಡುವ ಕಾಲಕ್ಕೆ ಮುಂಚೆ ಎಳೆದರೆ ಅಡಿಯ ಎಳೆಯ ಪದರವೂ ಕಿತ್ತು ಬರುತ್ತದೆ. ಅದರ ಕೆಳಗೆ ಮೂಳೆ. ಚಿಪ್ಪು ಎಂದರೆ ನಮಗೆ ಮರದ ಹಾಗೆ ಕಾಣುತ್ತದೆ. ಆದರೆ ಅದು ಜೀವ ಇರುವ ಮೈ, ಮುಟ್ಟಿದರೆ ಅವನಿಗೆ ಗೊತ್ತಾಗುತ್ತದೆ, ನೋವೂ ಆಗುತ್ತದೆ. ಅವನು ಕಲ್ಲಿನ ಮೇಲೆ ಹತ್ತಿ ಬೆನ್ನು ಪೂರ್ತಿ ಒಣಗಿಸಿಕೊಳ್ಳುವಂತೆ ನೋಡಿಕೊಳ್ಳಿ, ಸಾಕು. ದುರ್ವಾಸನೆ ಬಂದರೆ, ಎಲ್ಲಿಯಾದರೂ ಮೆತ್ತಗಾದರೆ ಅಥವಾ ಕೆಂಪು ಕಂಡರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು.

ಒಂದು ತಪ್ಪು ನನ್ನದಿದೆ. ಕಲ್ಲಿನ ಮೇಲಿರುವ ಎರಡು ದೀಪಗಳಲ್ಲಿ ಉದ್ದನೆಯದು ಬಿಸಿಲಿನ ಬದಲಿಗೆ ಇರುವಂಥದ್ದು. ಅದು ಉರಿಯುತ್ತಲೇ ಇದ್ದರೂ ವರ್ಷ ಕಳೆದರೆ ಒಳಗಿನ ಸತ್ವ ಹೋಗಿರುತ್ತದೆ. ಹೊರಡುವ ಮುಂಚೆ ಬದಲಿಸಬೇಕೆಂದಿದ್ದೆ, ಗಡಿಬಿಡಿಯಲ್ಲಿ ಬಿಟ್ಟುಹೋಯಿತು. ದಯವಿಟ್ಟು ಹೊಸದು ತರಿಸಿ.

ನಿಮ್ಮ ಸೊಸೆ


ಮಾರ್ಚ್ 20

ಅತ್ತೆಗೆ,

ನಿಮ್ಮ ಚಿಕ್ಕ ಪತ್ರ ಓದಿ ನಕ್ಕೆ. "ನಾನೇ ನೋಡಿಕೊಂಡೆ" ಎಂದರೆ ಏನು ಎಂದು ನನಗೆ ಗೊತ್ತು. ಕಲ್ಲನ್ನು ಎತ್ತರ ಮಾಡಿ, ದೀಪದ ಕೆಳಗೆ ಕೂರಿಸಿ, "ಎದ್ದೀಯ ಜೋಕೆ" ಎಂದು ಮುಂದೆಯೇ ಸ್ಟೂಲು ಹಾಕಿಕೊಂಡು ಕೂತಿರುತ್ತೀರಿ. ನನ್ನ ಉತ್ತರ ಸಿಗುವ ಮೊದಲೇ ನೀವು ಸರಿಯಾದದ್ದನ್ನೇ ಮಾಡಿದ್ದೀರಿ. ಒಣಗಿದ ಮೇಲೆ ಹೊಸ ಬಿಲ್ಲೆ ಹೊಳೆಯುತ್ತದೆ ನಿಜ. ನಾನು ಸುಮ್ಮನೆ ಉದ್ದ ಪಾಠ ಒಪ್ಪಿಸಿದೆ.

ಇಲ್ಲಿ ನನ್ನ ಕೆಲಸ ಕೈಗೆ ಕೂತಿದೆ. ಗಂಡಸರ ವಾರ್ಡಿನ ಹೊಣೆ ಪೂರ್ತಿ ನನಗೇ ಒಪ್ಪಿಸುವ ಮಾತನಾಡುತ್ತಿದ್ದಾರೆ ಹಿರಿಯ ನರ್ಸ್. "ನಿನ್ನ ಕಣ್ಣಿಗೆ ಬೀಳದೆ ಜ್ವರ ಕೂಡ ಏರಲ್ಲ" ಎಂದರು. ಬಹಳ ದಿನಗಳ ಮೇಲೆ ಒಬ್ಬರು ಹಾಗೆ ಅಂದರು. ವರ್ಷದ ಕರಾರು ಮುಗಿಸಿ ಬರುವಾಗ ಬೇರೆಯ ಮುಖ ಹೊತ್ತು ಬರುತ್ತೇನೆ ಅನಿಸುತ್ತಿದೆ. ನಾವಿಬ್ಬರೂ ಲಾಂಡ್ರಿಯ ಮೇಲಿನ ಆ ಕೋಣೆಯಲ್ಲಿ ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದೆವಲ್ಲ, ಇನ್ನು ಹಾಗಾಗುವುದು ಬೇಡ.

ನಿಮ್ಮ ಸೊಸೆ


ಮಾರ್ಚ್ 29

ಮಗಳೇ,

ಹೇಗೆ ಹೇಳಲಿ. ಸಾಹೇಬನಿಗೆ ಮೈ ಸರಿಯಿಲ್ಲ. ಬೆನ್ನ ನಡುವೆ ಎರಡು ಬಿಲ್ಲೆಗಳ ಜಾಗದಲ್ಲಿ ಕೆಂಪಗೆ ಗಾಯವಾಗಿದೆ. ಪಕ್ಕದಲ್ಲಿ ಒತ್ತಿದರೆ ಮೆತ್ತಗಿದೆ, ವಾಸನೆಯೂ ಬರುತ್ತಿದೆ. ಊಟ ಬಿಟ್ಟಿದ್ದಾನೆ. ಹಳೆಯ ಪದರ ಕಳಚುತ್ತಿದ್ದಂತೆ ಹೀಗಾಯಿತು.

ಬುಟ್ಟಿಯಲ್ಲಿ ಟವೆಲು ಹಾಸಿ, ಅದರಲ್ಲಿಟ್ಟುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ದೀಪ ಯಾವಾಗ ಬದಲಿಸಿದ್ದು ಎಂದು ಕೇಳಿದರು. ಗೊತ್ತಿಲ್ಲ, ಹಳೆಯದೇ ಇದೆ ಎಂದೆ. ದೀಪ ಸರಿಯಿಲ್ಲದಿದ್ದರೆ ಚಿಪ್ಪು ಬಲ ಕಳೆದುಕೊಳ್ಳುತ್ತದೆ ಎಂದರು. ಹೊಸದು ಹಾಕಿಸಿದ್ದೇನೆ. ಹಚ್ಚಲು ಔಷಧಿ ಕೊಟ್ಟಿದ್ದಾರೆ.

ನೀನು ಬೇಜಾರು ಮಾಡಿಕೊಳ್ಳಬೇಡ. ನೀನು ಬೇಕೆಂದು ಮಾಡಿದ್ದಲ್ಲವಲ್ಲ.

ಅತ್ತೆ


ಏಪ್ರಿಲ್ 8

ಅತ್ತೆಗೆ,

ನಿಮ್ಮ ಪತ್ರವನ್ನು ಔಷಧಿ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಓದಿ ಮುಗಿಸಿದ ಮೇಲೆ ಯಾವ ಔಷಧಿ ತೆಗೆಯಲು ಬಂದಿದ್ದೆ ಎಂಬುದೇ ಮರೆತುಹೋಗಿತ್ತು.

ನೀವು ಬೇಜಾರು ಮಾಡಿಕೊಳ್ಳಬೇಡ ಎಂದಿರಿ. ನಿಮ್ಮ ದೊಡ್ಡ ಮನಸ್ಸು. ಆದರೆ ನನಗೆ ಗೊತ್ತಿತ್ತಲ್ಲ, ಅತ್ತೆ! ಹೊರಡುವ ವಾರ ಆ ದೀಪದ ಅಂಗಡಿಯ ಮುಂದೆಯೇ ಎಷ್ಟೋ ಸಲ ಓಡಾಡಿದೆ. ಉರಿಯುತ್ತಿದೆಯಲ್ಲ ಎಂದು ಬಿಟ್ಟೆ. ನಿಮ್ಮ ಮಗನ ಹೊಟ್ಟೆನೋವಿನ ದಿನವೂ ಹೀಗೇ. ಓಡಾಡುತ್ತಿದ್ದಾರಲ್ಲ ಎಂದು ಒಂದು ಮಾತ್ರೆ ಕೈಗಿಟ್ಟು ಡ್ಯೂಟಿಗೆ ಹೋದೆ. ನಾನು ವಾಪಸು ಬರುವಷ್ಟರಲ್ಲಿ ಕರುಳು ಒಡೆದು ಹೊಟ್ಟೆಯೆಲ್ಲ ವಿಷವಾಗಿತ್ತು.

ಅವತ್ತು ಆಸ್ಪತ್ರೆಯ ವರಾಂಡದಲ್ಲಿ ನೀವು ಕೇಳಿದಿರಿ, "ಊರವರ ನಾಡಿಯೆಲ್ಲ ಹಿಡೀತೀಯ, ಮನೆಯವನ ನೋವು ನಿಂಗೆ ಗೊತ್ತಾಗ್ಲಿಲ್ವಾ?" ಎಂದು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ದುಃಖದಲ್ಲಿ ಬಂದ ಮಾತು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಈಗ ಅದು ಸರಿಯಾದ ಪ್ರಶ್ನೆಯೇ ಆಗಿತ್ತು ಅನಿಸುತ್ತಿದೆ. ಕಣ್ಣೆದುರಿಗೆ ಇರುವುದು ನನಗೆ ಕಾಣುವುದಿಲ್ಲ. ಅಂಥವಳ ಕೈಗೆ ವಾರ್ಡು ಕೊಡಬಾರದು.

ಗಾಯ ಹೇಗಿದೆ, ಬರೆಯಿರಿ. ಸುಳ್ಳು ಸಮಾಧಾನ ಬೇಡ, ಇದ್ದದ್ದನ್ನು ಬರೆಯಿರಿ.

ನಿಮ್ಮ ಸೊಸೆ


ಮೇ 1

ಅತ್ತೆಗೆ,

ಮೂರು ಲಾರಿಗಳು ಬಂದುಹೋದವು, ನಿಮ್ಮ ಪತ್ರವಿಲ್ಲ. ಸಾಹೇಬ ಹೋಗಿಬಿಟ್ಟನೇ? ಹೋಗಿದ್ದರೆ ಹೇಳಿಬಿಡಿ. ನನ್ನ ಮೇಲೆ ಸಿಟ್ಟಿನಿಂದ ಬರೆಯುತ್ತಿಲ್ಲ ಎಂದಾದರೆ ಅದಕ್ಕೂ ನಾನು ಏನೂ ಅನ್ನಲಾರೆ.

ನಾನು ವಾರ್ಡು ಬಿಟ್ಟಿದ್ದೇನೆ. ನಾನೇ ಕೇಳಿಕೊಂಡು ಉಗ್ರಾಣಕ್ಕೆ ಬಂದಿದ್ದೇನೆ. ಇಲ್ಲಿ ಬ್ಯಾಂಡೇಜಿನ ಪೆಟ್ಟಿಗೆ, ಕೈಗವಸಿನ ಪೆಟ್ಟಿಗೆ ಜೋಡಿಸುವುದು ಕೆಲಸ. ಇವಕ್ಕೆ ಹೊಟ್ಟೆನೋವು ಬರುವುದಿಲ್ಲ. ಹಿರಿಯ ನರ್ಸ್ ಬೈದು ನೋಡಿದರು, ಕೊನೆಗೆ ಒಪ್ಪಿದರು.

ಇನ್ನೊಂದು ವರ್ಷಕ್ಕೆ ಕರಾರಿಗೆ ಸಹಿ ಹಾಕಿದ್ದೇನೆ. ಅಲ್ಲಿಗೆ ಬಂದು ಆ ಖಾಲಿ ಕಲ್ಲನ್ನೂ ನಿಮ್ಮನ್ನೂ ನೋಡುವ ಧೈರ್ಯ ನನಗಿಲ್ಲ. ಅವನು ಬದುಕಿದ್ದರೆ, ಆಮೆ ಸಾಕಿ ಗೊತ್ತಿರುವವರಿಗೆ ಯಾರಿಗಾದರೂ ಕೊಟ್ಟುಬಿಡಿ. ನನಗಾಗಿ ಇಟ್ಟುಕೊಳ್ಳಬೇಡಿ.

ನಿಮ್ಮ ಸೊಸೆ


ಮೇ 13

ಸೊಸೆಗೆ,

ಮಗಳೇ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಪೂರ್ತಿ ಓದಿದ ಮೇಲೆ ಹಾಗೆ ಕರೆಸಿಕೊಳ್ಳಲು ಒಪ್ಪುತ್ತೀಯೋ ಇಲ್ಲವೋ.

ಮೊನ್ನೆ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ನಿನಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಿನ್ನ ಪತ್ರ ಬಂದದ್ದು ಮಧ್ಯಾಹ್ನ. ಓದಿದವಳೇ ಇಸ್ತ್ರಿಪೆಟ್ಟಿಗೆ ಆರಿಸಿ, ಗಿರಾಕಿಗಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿದೆ. ಗಣಿಯ ಕಚೇರಿಯವನು ಫೋನು ಎತ್ತಿ, "ಯಾರಾದ್ರೂ ತೀರಿಕೊಂಡಿದ್ದಾರಾ?" ಎಂದ.

"ಇಲ್ಲ."

"ಹಾಸಿಗೆ ಹಿಡಿದಿದ್ದಾರಾ?"

"ಇಲ್ಲಪ್ಪ."

"ಹಾಗಾದ್ರೆ ಪತ್ರ ಬರೀರಿ ಅಮ್ಮ."

"ಪತ್ರ ಬರೆದೇ ಈ ಗತಿ ತಂದಿಟ್ಟಿದ್ದೀನಿ! ಅವಳನ್ನ ಕರೀತೀಯೋ, ಇಲ್ಲಾ ಆ ಲಾರಿ ಹತ್ತಿ ನಾನೇ ಬಂದು ನಿನ್ನ ಮೇಜಿನ ಮುಂದೆ ಕೂತ್ಕೊಳ್ಲೋ?" ಎಂದೆ.

ನೀನು ಓಡಿ ಬಂದು, "ಅತ್ತೆ, ಯಾರಿಗೇನಾಯ್ತು?" ಎಂದು ಏದುಸಿರಿನಲ್ಲೇ ಕೇಳಿದೆ. "ದೀಪ ಅಲ್ಲ, ನಾನೇ ಉಜ್ಜಿದ್ದು" ಎಂದೆ. "ಏನು ಉಜ್ಜಿದ್ದು?" ಎಂದೆ ನೀನು. ಅಷ್ಟರಲ್ಲಿ ಗೊರಗೊರ ಎಂದು ಕಡಿದುಹೋಯಿತು. ಅದಕ್ಕೇ ಇದು.

ಮಾರ್ಚ್ ತಿಂಗಳ ಆ ಚಿಕ್ಕ ಪತ್ರದಲ್ಲಿ "ನಾನೇ ನೋಡಿಕೊಂಡೆ" ಎಂದು ಬರೆದೆನಲ್ಲ, ನಾನು ಸ್ಟೂಲು ಹಾಕಿಕೊಂಡು ಕಾವಲು ಕೂತಿರಲಿಲ್ಲ. ಸಾಹೇಬನನ್ನು ಕೆಳಗೆ ಅಂಗಡಿಯ ಕಲ್ಲಿನ ತೊಟ್ಟಿಗೆ ತಂದೆ. ಅಂಗಿಯ ಕಾಲರು ಉಜ್ಜುವ ಬ್ರಷ್ಷಿಗೆ ಕಲೆ ತೆಗೆಯುವ ಸೋಪು ಹಾಕಿ ಬೆನ್ನು ತಿಕ್ಕಿದೆ. ಮೊದಲ ಬಿಲ್ಲೆ ಸಲೀಸಾಗಿ ಬಂತು. ನನಗೆ ಹುರುಪು ಬಂದುಬಿಟ್ಟಿತು. ನಡುವಿನ ಎರಡು ಅಂಟಿಕೊಂಡಿದ್ದವು. ಗುಂಡಿ ಕೀಳುವ ಚಿಮಟ ತಂದು ಅಂಚು ಹಿಡಿದು ಎಳೆದೆ. ಅವನು ಕಾಲು ಬಡಿದ. ಹಿಂಗಾಲು ತಂದು ನನ್ನ ಕೈ ತಳ್ಳಿದ. "ಇನ್ನೊಂದು ಚೂರು ಕಣೋ, ಸುಮ್ನಿರು" ಎಂದು ಎಡಗೈಯಲ್ಲಿ ಒತ್ತಿ ಹಿಡಿದು ಪೂರ್ತಿ ಕಿತ್ತೆ. ಕಿತ್ತಮೇಲೆ ಅಡಿಯಲ್ಲಿ ಸಣ್ಣಗೆ ರಕ್ತ ಜಿನುಗಿತು. ಅದನ್ನು ಕಂಡೂ ಒರೆಸಿ, ನೀರಿಗೆ ಬಿಟ್ಟು, ನಿನಗೆ ಹೊಳೆಯುತ್ತಿದ್ದಾನೆ ಎಂದು ಬರೆದೆ.

ಕೀಳಬೇಡಿ, ಉಜ್ಜಬೇಡಿ ಎಂದು ನೀನು ಬರೆದದ್ದು ಆಮೇಲೆ ಬಂತು. ಅವತ್ತೇ ಹೇಳಬಹುದಿತ್ತು. ಗೊತ್ತಿಲ್ಲದೆ ಮಾಡಿದೆ ಎಂದರೆ ನೀನು ಬೈಯುತ್ತಲೂ ಇರಲಿಲ್ಲ. ಆದರೆ ಅದರ ಹಿಂದೆಯೇ ನಿನ್ನ ಇನ್ನೊಂದು ಪತ್ರ, ನೀವು ಸರಿಯಾದದ್ದನ್ನೇ ಮಾಡಿದ್ದೀರಿ ಎಂದು. ಎರಡೂ ಪತ್ರ ಮಡಿಸಿ ಒಳಗಿಟ್ಟುಬಿಟ್ಟೆ.

ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ದರು, "ಯಾರಾದ್ರೂ ಕೆರೆದ್ರಾ ಇದನ್ನ?" ಎಂದು. ಇಲ್ಲ ಎಂದೆ. ದೀಪದ ವಿಷಯ ನಾನು ಬರೆದದ್ದು ಅರ್ಧ ಮಾತ್ರ. ಅವರು ಹೇಳಿದ್ದು ಪೂರ್ತಿ ಹೀಗೆ: "ದೀಪ ಹಳೇದಾಗಿದೆ, ಬದಲಾಯಿಸಿ. ಆದ್ರೆ ಈ ಗಾಯ ದೀಪದಿಂದ ಆದದ್ದಲ್ಲ." ಆ ಕೊನೆಯ ಮಾತನ್ನು ನುಂಗಿಕೊಂಡೆ. ನಿನ್ನ ಪತ್ರದಲ್ಲಿ ನೀನೇ ತಪ್ಪು ನನ್ನದು ಎಂದು ಬರೆದುಕೊಟ್ಟಿದ್ದೆ. ನಾನು ಅದನ್ನು ಹಿಡಿದುಕೊಂಡೆ. "ನೀನು ಬೇಕೆಂದು ಮಾಡಿದ್ದಲ್ಲವಲ್ಲ" ಎಂದು ಬೇರೆ ಬರೆದೆ.

ಯಾಕೆ ಎಂದು ಕೇಳುತ್ತೀಯ. ಅವತ್ತು ವರಾಂಡದಲ್ಲಿ ನಾನು ಆಡಿದ ಮಾತು ನಿನಗೊಬ್ಬಳಿಗೇ ನೆನಪಿದೆ ಅಂದುಕೊಂಡೆಯಾ? ಅದೇ ಮಾತನ್ನು ನೀನು ನನಗೆ ತಿರುಗಿಸಿ ಕೇಳಿದರೆ ಏನು ಮಾಡಲಿ ಎಂಬ ಹೆದರಿಕೆ. ಕಣ್ಣೆದುರಿಗೇ ಇತ್ತಲ್ಲ, ಕಾಲು ಬಡಿಯಿತಲ್ಲ, ಗೊತ್ತಾಗಲಿಲ್ಲವಾ ಎಂದು ಕೇಳಿದರೆ. ಮಗ ಹೋದ ಸಂಕಟ ಹೊರಲಾರದೆ ಅದನ್ನು ನಿನ್ನ ತಲೆಗೆ ಕಟ್ಟಿದೆ. ಅವನ ನೋವು ಯಾರಿಗೂ ಗೊತ್ತಾಗುವಂತಿರಲಿಲ್ಲ ಎಂದು ಅಲ್ಲಿಯ ಡಾಕ್ಟರೇ ನನಗೆ ಬಿಡಿಸಿ ಹೇಳಿದ್ದರು. ಅದನ್ನು ನಿನಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ಈ ಸಲವೂ ಅದನ್ನೇ ಮಾಡಿದೆ. ನಿನ್ನ ಏಪ್ರಿಲ್ ಪತ್ರ ಓದಿದ ಮೇಲೆ ದಿನಾ ಕಾಗದ ತೆಗೆದುಕೊಂಡು ಕೂರುವುದು, ಎದ್ದು ಹೋಗಿ ಬಟ್ಟೆ ಒಗೆಯುವುದು, ಹೀಗೆಯೇ ಮೂರು ಲಾರಿ ಕಳೆದೆ. ನೀನು ವಾರ್ಡು ಬಿಟ್ಟೆ ಎಂದು ಓದಿದಾಗಲೇ ನನಗೆ ಅರಿವಾದದ್ದು, ನಾನು ಕಿತ್ತದ್ದು ಸಾಹೇಬನ ಬೆನ್ನನ್ನು ಮಾತ್ರ ಅಲ್ಲ.

ಸಾಹೇಬ ಬದುಕಿದ್ದಾನೆ. ಫೋನು ಮಾಡಿದ ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಗಾಯ ನೋಡುತ್ತಲೇ, "ಬ್ರಷ್ಷಿನ ಗೀರು ನಂಗೆ ಕಾಣಲ್ಲ ಅಂದ್ಕೊಂಡ್ರಾ? ಸೋಪು ಹಾಕಿದ್ದು ಮಾತ್ರ ಗೊತ್ತಿರ್ಲಿಲ್ಲ. ಮೊದಲೇ ಹೇಳಿದ್ರೆ ಬೇರೆ ಥರ ನೋಡ್ತಿದ್ದೆ. ಸುಮ್ನೆ ಇಷ್ಟು ದಿನ ನರಳಿತು ಪಾಪ" ಎಂದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಸತ್ತ ಭಾಗವನ್ನು ಕೆರೆದು ತೆಗೆದರು, ಮುಂಗಾಲಿಗೆ ಇಂಜೆಕ್ಷನ್ ಚುಚ್ಚಿದರು. ಈಗ ಅವನನ್ನು ದಿನವೆಲ್ಲ ಒಣಗಿದ ಪೆಟ್ಟಿಗೆಯಲ್ಲಿಟ್ಟು, ತಿನ್ನಲು ಕುಡಿಯಲು ಮಾತ್ರ ನೀರಿಗೆ ಬಿಡಬೇಕು. ಆಮೇಲೆ ಒರೆಸಿ ಕಂದು ಔಷಧಿ ಹಚ್ಚಬೇಕು. ನಾನು ಹತ್ತಿರ ಹೋದರೆ ತಲೆ ಒಳಗೆಳೆದುಕೊಳ್ಳುತ್ತಾನೆ. ಸರಿಯೇ.

ನಿನ್ನ ಕಣ್ಣಿನಲ್ಲಿ ದೋಷವಿಲ್ಲ. ನೀನು ವಾರ್ಡಿಗೆ ವಾಪಸು ಹೋಗು. ಹಿರಿಯ ನರ್ಸಿಗೆ ತೋರಿಸಬೇಕೆಂದರೆ ಈ ಪತ್ರವನ್ನೇ ತೋರಿಸು, ನನಗೆ ನಾಚಿಕೆಯಿಲ್ಲ.

ಅತ್ತೆ


ಮೇ 24

ನಿಮ್ಮ ಪತ್ರ ಬಂತು. ಒಂದು ಸಲ ಓದಿ ಮಡಿಸಿಟ್ಟೆ.

ನೀವು ಉಜ್ಜಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದೆ ಮಾಡಿದ್ದು. ಆದರೆ ಏಪ್ರಿಲ್ ತಿಂಗಳ ನನ್ನ ಪತ್ರ ಕೈಯಲ್ಲಿ ಹಿಡಿದುಕೊಂಡು ನೀವು ಅಷ್ಟು ದಿನ ಬಟ್ಟೆ ಒಗೆದಿರಲ್ಲ, ಅದು ನನಗೆ ಅರಗುತ್ತಿಲ್ಲ.

ಆ ಮಧ್ಯೆ ಇಲ್ಲಿ ನಡೆದದ್ದು ನಿಮಗೆ ಗೊತ್ತಾಗಬೇಕು. ನಾನು ಉಗ್ರಾಣದಲ್ಲಿದ್ದಾಗ ಗಣಿಯ ಡ್ರೈವರ್ ಒಬ್ಬನನ್ನು ಹೊತ್ತು ತಂದರು. ಬೆನ್ನು ನೋವು ಎನ್ನುತ್ತಿದ್ದ. ವಾರ್ಡಿನಲ್ಲಿ ಹೊಸ ಹುಡುಗಿಯೊಬ್ಬಳೇ ಇದ್ದಳು. "ಅಕ್ಕ, ಒಂದ್ಸಲ ಬಂದು ನೋಡ್ತೀರಾ?" ಎಂದು ನನ್ನ ಬಾಗಿಲಿಗೆ ಬಂದಳು. ಅವನ ಬೆವರು, ಬಣ್ಣ ದೂರದಿಂದಲೇ ಕಂಡಿತು. ಅದು ಬೆನ್ನಿನದಲ್ಲ, ಹೃದಯದ ನೋವು ಎಂದು ನನಗೆ ಹೊಳೆಯಿತು. ಆದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. "ಡಾಕ್ಟರು ಬರಲಿ" ಎಂದು ಪೆಟ್ಟಿಗೆಗಳ ನಡುವೆ ನಿಂತೇ ಇದ್ದೆ. ಡಾಕ್ಟರು ಬಂದರು, ಅದು ಹೃದಯದ್ದೇ ಆಗಿತ್ತು. ಅವನು ಉಳಿದ. ಉಳಿದದ್ದರಿಂದ ನಾನು ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ.

ಆ ನಿಂತ ತಪ್ಪು ನನ್ನದು. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಆದರೆ ನೀವು ತಿಳಿದಿರಿ.

ವಾರ್ಡಿಗೆ ವಾಪಸು ಹೋಗಿದ್ದೇನೆ. ಆ ಡ್ರೈವರಿಗೆ ದಿನಾ ನಾನೇ ರಕ್ತದೊತ್ತಡ ನೋಡುತ್ತೇನೆ. ಕರಾರನ್ನು ಮಾತ್ರ ಹಿಂದಕ್ಕೆ ಪಡೆಯುವಂತಿಲ್ಲ. ಇನ್ನೊಂದು ವರ್ಷ ನಾನು ಇಲ್ಲೇ.

ಕ್ಷಮಿಸು ಎಂದು ನೀವು ಎಲ್ಲಿಯೂ ಬರೆದಿಲ್ಲ. ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಈಗ ಕೇಳಿದರೆ ಕೊಡಲು ನನ್ನ ಹತ್ತಿರ ಇಲ್ಲ.


ಜೂನ್ 15

ಸೊಸೆಗೆ,

ನಿನ್ನ ಪತ್ರ ಓದಿದೆ. ಅದರಲ್ಲಿ ಒಂದು ಮಾತೂ ಹೆಚ್ಚಿಲ್ಲ. ಆ ಡ್ರೈವರಿಗೆ ಏನಾದರೂ ಆಗಿದ್ದರೆ ಎಂದು ನೆನೆದರೆ ಕೈಯಲ್ಲಿರುವ ಇಸ್ತ್ರಿಪೆಟ್ಟಿಗೆ ಭಾರವಾಗುತ್ತದೆ. ಮೊನ್ನೆ ಹಾಗೆ ನೆನೆಯುತ್ತಾ ಹೋಟೆಲಿನವರ ಪರದೆಯೊಂದನ್ನು ಸುಟ್ಟೆ.

ಸಾಹೇಬನ ವಿಷಯ ಇದ್ದದ್ದು ಇದ್ದಂತೆ: ವಾಸನೆ ಹೋಗಿದೆ. ಗಾಯ ಒಣಗಿ ಗಟ್ಟಿಯಾಗಿದೆ. ಆ ಎರಡು ಬಿಲ್ಲೆಗಳ ಜಾಗ ಹೊಳಪಿಲ್ಲದೆ, ಉಬ್ಬುತಗ್ಗಾಗಿ ಉಳಿಯುತ್ತದೆ, ಮೊದಲಿನ ಹಾಗೆ ಆಗುವುದು ಸುಳ್ಳು ಎಂದರು ಡಾಕ್ಟರಮ್ಮ. ಮೊನ್ನೆಯಿಂದ ಪೂರ್ತಿ ನೀರಿಗೆ ಬಿಟ್ಟಿದ್ದೇನೆ. ತಿನ್ನುತ್ತಿದ್ದಾನೆ. ನನ್ನ ಕೈಯಿಂದ ಅಲ್ಲ, ನಾನು ಹಾಕಿ ಆಚೆ ಹೋದಮೇಲೆ.

ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನೀನು ಬೇಡ ಎಂದರೂ ನೋಡಿಕೊಳ್ಳುತ್ತೇನೆ. ಅದು ನಿನಗಾಗಿ ಎಂದಲ್ಲ, ಅವನ ಋಣ ನನ್ನ ಮೇಲಿದೆ.

ನಿನಗೆ ಮನಸ್ಸಿದ್ದರೆ ಬರೆ, ಇಲ್ಲದಿದ್ದರೆ ಬೇಡ. ನಾನು ಮಾತ್ರ ಬರೆಯುತ್ತಿರುತ್ತೇನೆ. ನೀನು ಓದದೆ ಇಟ್ಟರೂ ಸರಿ.

ಅತ್ತೆ


ಜುಲೈ 4

ಅತ್ತೆಗೆ,

ಮುಂದಿನ ತಿಂಗಳು ಸಿಬ್ಬಂದಿಯ ಮನೆಯವರನ್ನು ಕರೆತರಲು ಇಲ್ಲಿಂದ ಒಂದು ಬಸ್ಸು ಬಿಡುತ್ತಾರೆ. ಒಂದು ವಾರ ಇರಲು ಕೋಣೆ, ಊಟ ಕೊಡುತ್ತಾರೆ. ಸಹೋದ್ಯೋಗಿಗಳೆಲ್ಲ ಹೆಂಡತಿ, ಗಂಡ, ಮಕ್ಕಳು ಎಂದು ಬರೆಸುತ್ತಿದ್ದರು. ನಾನು ಸಾಲಿನಲ್ಲಿ ನಿಂತು ಎರಡು ಸಲ ವಾಪಸು ಬಂದೆ. ನಿನ್ನೆ ಮತ್ತೆ ಹೋದೆ.

ಕಚೇರಿಯವನು, "ಯಾರು ಬರ್ತಾರೆ?" ಎಂದ. ಅತ್ತೆ ಎಂದೆ. ತಲೆಯೆತ್ತಿ ನೋಡಿದ. ನಿಮ್ಮ ಫೋನು ಎತ್ತಿದವನು ಇವನೇ, ಪಾಪ, ಇನ್ನೂ ಹೆದರಿಕೆ ಹೋಗಿಲ್ಲ. "ನಿಮ್ಮ ಯಜಮಾನ್ರು ತೀರಿಕೊಂಡಿದ್ದಾರೆ ಅಂತ ಇದೆ ಇಲ್ಲಿ. ಅವರಿಲ್ಲದ ಮೇಲೆ ಅವರ ತಾಯಿ ಮನೆಯವರ ಲೆಕ್ಕಕ್ಕೆ ಬರ್ತಾರಾ?" ಎಂದ.

ಅವನು ಸುಮ್ಮನೆ ನಿಯಮ ಕೇಳಿದ. ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು.

"ಬರ್ತಾರೆ" ಎಂದೆ.

ಸಾಹೇಬನನ್ನು ಆ ಒಂದು ವಾರ ಡಾಕ್ಟರಮ್ಮನ ಹತ್ತಿರ ಬಿಟ್ಟು ಬನ್ನಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಪತ್ರದಲ್ಲಿ ಬೈದರೆ ಲಾರಿ ಮುಟ್ಟುವಷ್ಟರಲ್ಲಿ ಅರ್ಧ ಆರಿಹೋಗುತ್ತದೆ. ಎದುರಿಗೆ ಕೂತು ಬೈಯಬೇಕು. ನೀವೂ ಎದ್ದು ಹೋಗದೆ ಕೂತು ಕೇಳಬೇಕು. ಅಷ್ಟಾದ ಮೇಲೆ ಏನಾಗುತ್ತದೋ ನನಗೂ ಗೊತ್ತಿಲ್ಲ.

ಸಂಜೆ ಇಲ್ಲಿ ಚಳಿ. ಸ್ವೆಟರ್ ತನ್ನಿ.

ನಿಮ್ಮ ಸೊಸೆ